ಕೊನೆಯ ಹದಿನಾರು ಪುಟ

ಗೋಂದಪ್ಪ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಸುಖವಾಗಿ ಮಲಗಿದೆ, ನಾವು ಅದರ ನಿದ್ದೆ ಕೆಡಿಸುವುದು ಬೇಡ. ಸಾರ್ವಜನಿಕ ಗ್ರಂಥಾಲಯದ ಹಿಂಭಾಗದ ಕೋಣೆಯಲ್ಲಿ ಮೂವತ್ತು ವರ್ಷದಿಂದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಆ ಮನುಷ್ಯನ ಹತ್ತು ಬೆರಳಿಗೂ ಸದಾ ಅಂಟು ಮೆತ್ತಿಕೊಂಡಿರುತ್ತಿತ್ತು. ಅವನ ಕೈ ಕುಲುಕಿದವರು ಬಿಡಿಸಿಕೊಳ್ಳುವಷ್ಟರಲ್ಲಿ ಮನೆಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿ ಮುಗಿಸಿರುತ್ತಿದ್ದರು. ಹೀಗಾಗಿ ಊರು ಅವನನ್ನು ಗೋಂದಪ್ಪ ಅಂದಿತು, ಅವನೂ ಓಗೊಟ್ಟ.

ಬೈಂಡು ಹಾಕುವವರು ಪುಸ್ತಕ ಓದುವುದಿಲ್ಲ ಎಂಬ ಮಾತಿದೆ. ಗೋಂದಪ್ಪ ಓದುತ್ತಿದ್ದ. ಎಲ್ಲವನ್ನೂ ಅಲ್ಲ, ಒಂದನ್ನೇ. ಆರು ಭಾಗಗಳ ‘ಕುಂಟ ಸವಾರ’. ಒಂದು ಕಾಲು ಸೊಟ್ಟಗಿದ್ದರೂ ಕುದುರೆ ಏರಿದರೆ ಗಾಳಿಯನ್ನೂ ಹಿಂದಕ್ಕೆ ಹಾಕುವ ಒಬ್ಬ ರಾಜದೂತ, ಅವನನ್ನು ಆಚೆ ದಡದಲ್ಲಿ ಕಾಯುವ ಒಬ್ಬ ಸೇನಾಪತಿಯ ಮಗಳು, ನಡುವೆ ಮೂರು ಯುದ್ಧ, ಎರಡು ವಿಷಪ್ರಯೋಗ, ಲೆಕ್ಕವಿಲ್ಲದಷ್ಟು ಸುರಂಗ. ಊರಿಗೆ ಊರೇ ಅದನ್ನು ಓದಿತ್ತು. ಪ್ರಕಾಶಕರು ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು, ಮರುಮುದ್ರಣ ಆಗಲಿಲ್ಲ. ಹಾಗಾಗಿ ಗ್ರಂಥಾಲಯದ ಪ್ರತಿಯೇ ಊರಿನ ಏಕೈಕ ಪ್ರತಿ. ಓದಬೇಕಾದವರು ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು.

ಆರನೆಯ ಭಾಗದ ಕೊನೆಯ ಪುಟ ಮುನ್ನೂರ ಐವತ್ತೆರಡು. ಅದರ ಕೊನೆಯ ಸಾಲು ಹೀಗಿತ್ತು: ‘ಸವಾರ ಕುದುರೆಯನ್ನು ನೆರೆಯ ನೀರಿಗೆ ಇಳಿಸಿದ. ಆಚೆ ದಡದಲ್ಲಿ ಒಂದು ದೀಪ ಅಲುಗುತ್ತಿತ್ತು.’

ಅಷ್ಟೇ. ಅಲ್ಲಿಗೆ ಪುಸ್ತಕ ಮುಗಿಯಿತು, ಊರಿನ ಜಗಳ ಶುರುವಾಯಿತು.

ಸವಾರ ನದಿ ದಾಟಿದನೋ, ಮುಳುಗಿದನೋ? ಇಪ್ಪತ್ತು ವರ್ಷದಿಂದ ಊರು ಎರಡಾಗಿತ್ತು. ದಾಟಿದ ಪಕ್ಷದ ನಾಯಕ ಕ್ಷೌರದಂಗಡಿಯವನು. ಅವನ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, ‘ಮುಳುಗಿದ’ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮುಳುಗಿದ ಪಕ್ಷದ ನಾಯಕಿ ನಿವೃತ್ತ ಲೆಕ್ಕದ ಟೀಚರಮ್ಮ. ನೀರಿನ ವೇಗ, ಕುದುರೆಯ ತೂಕ, ನದಿಯ ಅಗಲ ಎಲ್ಲವನ್ನೂ ಪುಸ್ತಕದಿಂದಲೇ ಎತ್ತಿ, ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ, ಸವಾರನನ್ನು ದಡಕ್ಕೆ ನಲವತ್ತು ಮಾರು ದೂರದಲ್ಲಿ ಮುಳುಗಿಸಿ ತೋರಿಸಿದ್ದರು. ಗಂಡಹೆಂಡಿರು ಬೇರೆ ಬೇರೆ ಪಕ್ಷದಲ್ಲಿದ್ದ ಮನೆಗಳಲ್ಲಿ ಕೆಲವು ದಿನ ಒಲೆ ಹತ್ತುತ್ತಿರಲಿಲ್ಲ.

ಇನ್ನು ಗೋಂದಪ್ಪ. ಅವನು ದಾಟಿದ ಪಕ್ಷದವನೇ ಆದರೂ ಬರಿಯ ಸದಸ್ಯನಲ್ಲ, ಪಂಡಿತ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಕಣ್ಣು ಅರೆಮುಚ್ಚಿ ಹೇಳುತ್ತಿದ್ದ:

“ಸಣ್ಣ ಲೇಖಕ ಆಗಿದ್ರೆ ಇನ್ನೊಂದಿಷ್ಟು ಪುಟ ಎಳೀತಿದ್ದ. ಇವರು ನಿಲ್ಲಿಸಿದ್ರು ನೋಡಿ, ಅದು ಕಲೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋನೇ ದೊಡ್ಡೋನು.”

“ಮತ್ತೆ ‘ಮುಗಿಯಿತು’ ಅಂತ ಯಾಕ್ರೀ ಅಚ್ಚು ಹಾಕಿಲ್ಲ?” ಎಂದು ಟೀಚರಮ್ಮ ಒಮ್ಮೆ ಕೇಳಿದ್ದರು.

“ಕಥೆ ಮುಗಿದಿಲ್ವಲ್ಲಮ್ಮ, ಅದಕ್ಕೇ ಹಾಕಿಲ್ಲ. ಸೂಕ್ಷ್ಮ ಅದು,” ಅಂದಿದ್ದ ಗೋಂದಪ್ಪ. ಟೀಚರಮ್ಮನಂಥ ಟೀಚರಮ್ಮ ಸುಮ್ಮನಾಗಿದ್ದರು. ಗೋಂದಪ್ಪನ ಜೀವಮಾನದ ಸಾಧನೆ ಯಾವುದೆಂದು ಕೇಳಿದರೆ ಹೆಂಡತಿ ಕೂಡ ಇದನ್ನೇ ಹೇಳುತ್ತಿದ್ದಳು.

ಇಂಥ ಊರಿಗೆ ಸ್ವತಃ ಕಾದಂಬರಿಕಾರರು ಬರುತ್ತಾರೆಂದು ಕಾಗದ ಬಂತು. ಗ್ರಂಥಾಲಯದ ಅಧಿಕಾರಿಗಳು ಅದನ್ನು ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿದರು. ಈ ಸಾಹೇಬರು ಕಡತ ಬಿಟ್ಟು ಬೇರೇನನ್ನೂ ಓದಿದವರಲ್ಲ. ಪುಸ್ತಕ ಅವರಿಗೆ ಬೆನ್ನಿನ ಮೇಲಿನ ನಂಬರಿನಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತಿತ್ತು.

‘ನನಗೆ ಎಪ್ಪತ್ತೆಂಟು,’ ಎಂದು ಬರೆದಿದ್ದರು ಕಾದಂಬರಿಕಾರರು. ‘ನಾನು ಎಲ್ಲಿಗೂ ಹೋಗುವುದಿಲ್ಲ. ಕುಂಟ ಸವಾರನ ಕೊನೆಗಾಗಿ ನನ್ನನ್ನು ಬೈದು ಬರೆದ ಕಾಗದಗಳು ಎರಡು ಟ್ರಂಕು ತುಂಬ ಇವೆ. ನಿಮ್ಮ ಊರೊಂದರಿಂದ ಮಾತ್ರ ಇಪ್ಪತ್ತು ವರ್ಷವೂ, ಕೊನೆಯ ಬಗ್ಗೆ ಒಂದು ತಕರಾರೂ ಇಲ್ಲದ, ಪ್ರೀತಿಯ ಕಾಗದ ಬಂದಿದೆ. ಆ ಕೊನೆಯನ್ನು ಒಪ್ಪಿಕೊಂಡ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು.’

“ಬೇರೆ ಊರಿನವರು ಯಾಕೆ ಬೈತಾರೆ?” ಎಂದರು ಸಾಹೇಬರು.

“ಅರ್ಥ ಆಗಿಲ್ಲ ಸಾರ್ ಅವರಿಗೆ,” ಎಂದ ಗೋಂದಪ್ಪ, ಕರುಣೆಯಿಂದ. “ಅರ್ಧಕ್ಕೆ ನಿಲ್ಲಿಸಿದ್ದು ನೋಡಿ ಮೋಸ ಅಂದ್ಕೊಂಡಿದಾರೆ.”

ಎರಡೂ ಪಕ್ಷಗಳು ಸಭೆ ಸೇರಿ ಒಂದೇ ಒಂದು ನಿರ್ಣಯ ಮಾಡಿದವು: ಅಂದು ವೇದಿಕೆಯ ಮೇಲೆ ಕಾದಂಬರಿಕಾರರನ್ನು ನೇರವಾಗಿ ಕೇಳಿಬಿಡುವುದು. ದಾಟಿದನೋ, ಮುಳುಗಿದನೋ? ಅವರ ಬಾಯಿಂದ ಬಂದದ್ದೇ ತೀರ್ಪು. ಸೋತ ಪಕ್ಷ ಗೆದ್ದ ಪಕ್ಷದ ಮುಂದೆ ತುಟಿ ಪಿಟಕ್ಕೆನ್ನಬಾರದು.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ, ಅತಿಥಿಗಳಿಗೆ ಬೈಂಡಿಂಗ್ ಕೋಣೆಯನ್ನೂ ತೋರಿಸಬೇಕೆಂದು ಸಾಹೇಬರಿಗೆ ಹೊಳೆಯಿತು. ಗೋಂದಪ್ಪ ಗುಡಿಸಲು ಹೊರಟ. ಕಬ್ಬಿಣದ ಪ್ರೆಸ್ಸಿನ ಅಡಿಹಲಗೆಯನ್ನು ಎತ್ತಿದ. ಅದು ಅಲುಗಾಡದಿರಲೆಂದು ಹಿಂದೆ ಯಾವತ್ತೋ ಅವನೇ ಕೆಳಗೆ ಕಾಗದ ತುರುಕಿದ್ದ. ಎಳೆದ. ಬಂದದ್ದು ಒಂದು ಫಾರಂ.

ಓದುಗರಿಗೆ ಇಷ್ಟು ಹೇಳಬೇಕು. ಅಚ್ಚಿನ ಮನೆಯವರು ಒಂದು ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚು ಮಾಡಿ ಮಡಚುತ್ತಾರೆ. ಆ ಮಡಿಕೆಗೆ ಫಾರಂ ಎಂದು ಹೆಸರು. ಫಾರಂಗಳನ್ನು ಸಾಲಾಗಿ ಹೊಲಿದು, ಆಮೇಲೆ ಅಂಚು ಕತ್ತರಿಸಿದಾಗಲೇ ಪುಟಗಳು ಬಿಡಿಸಿಕೊಳ್ಳುವುದು. ಆರನೆಯ ಭಾಗ ಗ್ರಂಥಾಲಯಕ್ಕೆ ಬಂದದ್ದು ಹೀಗೆ ಬಿಡಿ ಫಾರಂಗಳಾಗಿಯೇ. ಹೊಲಿದವನು ಗೋಂದಪ್ಪ. ಇಪ್ಪತ್ತೆರಡು ಫಾರಂ ಹೊಲಿದಿದ್ದ. ಈಗ ಕೈಯಲ್ಲಿದ್ದದ್ದು ಇಪ್ಪತ್ತಮೂರನೆಯದು. ಮೂಲೆಯಲ್ಲಿ ಪುಟ ಸಂಖ್ಯೆ: ಮುನ್ನೂರ ಐವತ್ತಮೂರು.

ಗೋಂದಪ್ಪ ಬಾಗಿಲು ಹಾಕಿಕೊಂಡ. ಚಾಕು ಪಕ್ಕದಲ್ಲೇ ಇತ್ತು. ಆದರೆ ಹೊಲಿಯದ ಫಾರಮ್ಮಿಗೆ ಚಾಕು ಹಾಕುವುದು ಅವನಿಂದ ಆಗುವ ಮಾತಲ್ಲ. ಮೂವತ್ತು ವರ್ಷದ ಕೈ ಒಪ್ಪಲಿಲ್ಲ. ಹಾಗಾಗಿ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿ, ಒಳಗೆ ಇಣುಕಿ, ಕುತ್ತಿಗೆಯನ್ನು ಎಡಕ್ಕೆ ತಿರುಚಿ, ಬಲಕ್ಕೆ ತಿರುಚಿ, ಕೆಲವು ಪುಟಗಳನ್ನು ತಲೆಕೆಳಗಾಗಿ, ಎರಡು ಗಂಟೆ ಓದಿದ. ಮುನ್ನೂರ ಅರವತ್ತೊಂದನೆಯ ಪುಟದಲ್ಲಿ ಸವಾರ ಮುಳುಗಿದ. ಕುದುರೆಯೂ ಮುಳುಗಿತು. ಮುನ್ನೂರ ಅರವತ್ತೆಂಟರಲ್ಲಿ ದೀಪ ಹಿಡಿದಿದ್ದ ಹುಡುಗಿ ಮನೆಗೆ ವಾಪಸು ಹೋದಳು. ಕೆಳಗೆ ದಪ್ಪಕ್ಷರದಲ್ಲಿ ‘ಮುಗಿಯಿತು’.

ಗೋಂದಪ್ಪ ಬಿಕ್ಕಿಬಿಕ್ಕಿ ಅತ್ತ. ಸ್ವಲ್ಪ ಹೊತ್ತಾದ ಮೇಲೆ, ಟ್ರಂಕಿನ ಬೈಗುಳಗಳ ಅರ್ಥ ನಿಧಾನವಾಗಿ ತಲೆಗೆ ಹತ್ತಿತು. ಎಲ್ಲ ಊರಿನವರೂ ಸವಾರನನ್ನು ಕೊಂದದ್ದಕ್ಕೆ ಕಾದಂಬರಿಕಾರರನ್ನು ಬೈದಿದ್ದಾರೆ. ಈ ಊರೊಂದು ಬೈದಿಲ್ಲ, ಏಕೆಂದರೆ ಈ ಊರು ಅದನ್ನು ಓದಿಯೇ ಇಲ್ಲ. ಆ ವಯಸ್ಸಿನಲ್ಲಿ, ಅಷ್ಟು ದೂರದಿಂದ, ತನ್ನ ಕೊನೆಯನ್ನು ಪ್ರೀತಿಸಿದ ಊರೆಂದು ಅವರು ಬರುತ್ತಿದ್ದಾರೆ. ಬಂದು ನೋಡಿದರೆ ಇಲ್ಲಿರುವುದು ಗೋಂದಪ್ಪನ ಕೊನೆ! ಹೇಳಿದರೆ ಆ ಹಿರಿಯ ಜೀವದ ಎದೆ ಒಡೆಯುತ್ತದೆ, ತನ್ನ ಮೂವತ್ತು ವರ್ಷದ ಹೆಸರು ಮಣ್ಣು ಪಾಲಾಗುತ್ತದೆ. ಹೇಳದಿದ್ದರೆ ವೇದಿಕೆಯ ಮೇಲೆ ಅವರೇ ಬಾಯಿಬಿಡುತ್ತಾರೆ.

ಸಂಜೆ ಮನೆಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಕುತ್ತಿಗೆ ಉಳುಕಿ ಎಡಕ್ಕೆ ವಾಲಿ ಅಲ್ಲೇ ನಿಂತಿತ್ತು.

“ಏನ್ರೀ ಇದು? ಯಾರಿಗೆ ಏನಾಯ್ತು?” ಎಂದು ಹೆಂಡತಿ ಗಾಬರಿಯಾದಳು.

“ಹೋಗ್ಬಿಟ್ಟ ಕಣೇ.”

“ಯಾರು?”

ಗೋಂದಪ್ಪ ಬಾಯಿ ತೆರೆದು, ನೆನಪಾಗಿ, ಮುಚ್ಚಿದ. ಹೆಂಡತಿ ಮುಳುಗಿದ ಪಕ್ಷದವಳು. ಗೊತ್ತಾದರೆ ಐದು ನಿಮಿಷದಲ್ಲಿ ಊರಿಗೆಲ್ಲ ವಿಜಯೋತ್ಸವ. “ನಿನಗೆ ಗೊತ್ತಿಲ್ಲದೋನು,” ಅಂದ.

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೂ ತನಗೆ ಗೊತ್ತಿಲ್ಲದ ನೆಂಟನೊಬ್ಬ ಇದ್ದಾನೆ, ಸತ್ತೂ ಹೋಗಿದ್ದಾನೆ ಎಂದರೆ ಹೆಂಗಸು ಸುಮ್ಮನಿರುವುದುಂಟೇ? ಪಕ್ಕದ ಮನೆಯವರನ್ನು ಕೇಳಿದಳು. ಪಕ್ಕದ ಮನೆಯವರು ಎದುರು ಮನೆಯವರನ್ನು ಕೇಳಿದರು. ದೀಪ ಹಚ್ಚುವ ಹೊತ್ತಿಗೆ ನಡುಮನೆಯ ತುಂಬ ಜನ, ಎಲ್ಲರ ಮುಖದಲ್ಲೂ ಸೂತಕದ ಕಳೆ.

“ವಯಸ್ಸೆಷ್ಟಾಗಿತ್ತು ಅಣ್ಣ?” ಎಂದು ಎದುರು ಮನೆಯವಳು ಮೆಲ್ಲಗೆ ಕೇಳಿದಳು.

“ಮೂವತ್ತೊಂದು.” ಮೂರನೆಯ ಭಾಗದಲ್ಲಿ ಅದು ಸ್ಪಷ್ಟವಾಗಿ ಇದೆ.

“ಅಯ್ಯೋ! ಮದುವೆ?”

“ಆಗೋದ್ರಲ್ಲಿತ್ತು. ಆ ಹುಡುಗಿ ದೀಪ ಹಿಡ್ಕೊಂಡು ಕಾಯ್ತಾನೇ ಇದ್ಲು,” ಎಂದವನಿಗೆ ದುಃಖ ಉಮ್ಮಳಿಸಿ ಬಂತು. ನಾಲ್ಕು ಹೆಂಗಸರು ಸೆರಗು ಬಾಯಿಗೊತ್ತಿದರು.

“ಏನಾಗಿತ್ತು?”

“ನದೀಲಿ ಮುಳುಗಿದ. ಕುದುರೆ ಸಮೇತ.”

“ಕುದುರೆನಾ?” ಕ್ಷೌರದಂಗಡಿಯವನು ತಲೆ ಎತ್ತಿದ.

ಗೋಂದಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. “ಕುದುರೆ... ವ್ಯಾಪಾರ ಮಾಡ್ತಿದ್ದ. ಸಂತೆಗೆ ಹೊಡ್ಕೊಂಡು ಹೋಗ್ತಿದ್ದ.”

“ಒಳ್ಳೆ ವ್ಯಾಪಾರ,” ಎಂದ ಕ್ಷೌರದಂಗಡಿಯವನು. ಹಿಂದೆ ಕೂತಿದ್ದ ಟೀಚರಮ್ಮನ ತುಟಿ ಮಾತ್ರ ಮೆಲ್ಲಗೆ ಅಲುಗುತ್ತಿತ್ತು, ಮನಸ್ಸಿನಲ್ಲೇ ಏನನ್ನೋ ಕೂಡಿಸುವ ಹಾಗೆ.

ಮಾರನೆಯ ದಿನ ಸಾಹೇಬರು ಗೋಂದಪ್ಪನ ವಾಲಿದ ತಲೆಯನ್ನು ನೋಡಿ ಮರುಗಿದರು. “ತಲೆ ಎತ್ತೋಕೂ ಆಗ್ತಿಲ್ಲ ಪಾಪ, ಅಷ್ಟು ದುಃಖ,” ಎಂದರು. ಗೋಂದಪ್ಪ ಏನೋ ಹೇಳಹೊರಟ. ಅವರು ಕೇಳಲಿಲ್ಲ. ತಾವೇ ಅಚ್ಚಿನ ಅರ್ಜಿಯೊಂದನ್ನು ತುಂಬಿಸಿ, ‘ಕಾರಣ: ನಿಕಟ ಸಂಬಂಧಿಯ ಮರಣ’ ಎಂದು ನಮೂದಿಸಿ, ಎರಡು ದಿನ ವಿಶೇಷ ರಜೆ ಮಂಜೂರು ಮಾಡಿ, ಕೈಗೆ ಪೆನ್ನು ತುರುಕಿ ಸಹಿ ಹಾಕಿಸಿಕೊಂಡರು. ದಯೆ ಬಂದಾಗ ಸಾಹೇಬರು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಎಡಗಡೆ ದಾಟಿದ ಪಕ್ಷ, ಬಲಗಡೆ ಮುಳುಗಿದ ಪಕ್ಷ, ನಡುವೆ ನೀರಿನ ಜಗ್ಗಿನ ಮೇಜು. ಕಾದಂಬರಿಕಾರರು ಬಂದರು. ಕೈಯಲ್ಲಿ ಕತ್ತಿ ಇಲ್ಲದಿದ್ದರೂ ಮುಖದಲ್ಲಿ ಮೀಸೆಯಾದರೂ ಇದ್ದೀತೆಂದು ಜನ ನಿರೀಕ್ಷಿಸಿದ್ದರು. ಅವರ ಹತ್ತಿರ ಎರಡೂ ಇರಲಿಲ್ಲ. ಕಡ್ಡಿಯಂಥ ಮನುಷ್ಯ, ಕುತ್ತಿಗೆಗೆ ಮಫ್ಲರು, ನೆಗಡಿ, ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು. ಮೆಟ್ಟಿಲು ಹತ್ತುವಾಗ ಸಾಹೇಬರ ತೋಳು ಹಿಡಿದುಕೊಂಡರು. ಮೂರು ಯುದ್ಧ ನಡೆಸಿದ್ದು ಇದೇ ಕೈಯೇ ಎಂದು ಜನ ಬೆರಗಾಗಿ, ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮುದುಕರ ಕಣ್ಣು ತುಂಬಿತು.

ಗೋಂದಪ್ಪ ಒಳಜೇಬಿನಲ್ಲಿ ಫಾರಂ ಇಟ್ಟುಕೊಂಡು ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಹೇಗಾದರೂ ಮಾಡಿ ಅವರ ಕಿವಿಯಲ್ಲಿ ಒಂದು ಮಾತು ಹಾಕಬೇಕು. ಹಾಕಿ? ಏನೆಂದು? ಅಷ್ಟರಲ್ಲಿ ಸಾಹೇಬರು ಮೈಕು ಹಿಡಿದರು.

“ಕಾರ್ಯಕ್ರಮ ಶುರು ಮಾಡೋ ಮುಂಚೆ ಒಂದು ದುಃಖದ ಸಂಗತಿ. ನಮ್ಮ ಬೈಂಡರ್ ಅವರ ಹತ್ತಿರದ ಸಂಬಂಧಿ, ಬರೀ ಮೂವತ್ತೊಂದು ವರ್ಷದ ಹುಡುಗ, ತೀರ್ಕೊಂಡಿದಾರೆ. ಎಲ್ರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ. ಬನ್ನಿ ಗೋಂದಪ್ಪ, ಮೇಲೆ ಬನ್ನಿ.”

ಇಡೀ ಸಭೆ ಎದ್ದು ನಿಂತಿತು. ಕಾದಂಬರಿಕಾರರೂ ಫ್ಲಾಸ್ಕು ಕೆಳಗಿಟ್ಟು ನಿಂತು, ತಲೆ ತಗ್ಗಿಸಿದರು. ತಾನು ಸೃಷ್ಟಿಸಿದ, ತಾನೇ ಕೊಂದ ಮನುಷ್ಯನಿಗಾಗಿ ಅವರು ಮೌನ ಆಚರಿಸುತ್ತಿರುವುದು ಆ ಸಭಾಂಗಣದಲ್ಲಿ ಗೋಂದಪ್ಪನಿಗೊಬ್ಬನಿಗೇ ಗೊತ್ತಿತ್ತು, ಹಾಗೆಂದು ಅವನು ಅಂದುಕೊಂಡಿದ್ದ. ಆ ಒಂದು ನಿಮಿಷ ಅವನಿಗೆ ಆರು ಭಾಗದಷ್ಟು ಉದ್ದವಾಯಿತು.

ಮೌನ ಮುಗಿದ ಮೇಲೆ ಮುದುಕರು ಮೈಕಿನ ಹತ್ತಿರ ಬಂದು, ಗೋಂದಪ್ಪನ ಭುಜದ ಮೇಲೆ ಕೈಯಿಟ್ಟು ಅಂತಃಕರಣದಿಂದ ಕೇಳಿದರು: “ಹೇಗಾಯ್ತಪ್ಪ?”

ಗೋಂದಪ್ಪನ ಪರವಾಗಿ ಸಾಹೇಬರೇ ಉತ್ತರಿಸಿದರು: “ನದೀಲಿ ಮುಳುಗಿದ್ದು ಸಾರ್. ಕುದುರೆ ಸಮೇತ.”

“ಕುದುರೆ ಸಮೇತ!” ಮುದುಕರು ಬೆಚ್ಚಿದರು. ಆಮೇಲೆ ಮೈಕಿನಲ್ಲೇ, ಸಮಾಧಾನ ಹೇಳುವ ಧ್ವನಿಯಲ್ಲಿ, “ನೋಡಿ, ಏನು ಕಾಕತಾಳೀಯ. ನನ್ನ ಸವಾರನೂ—”

ಗೋಂದಪ್ಪ ಯೋಚಿಸಲಿಲ್ಲ. ಯೋಚಿಸಿ ಅಭ್ಯಾಸವಿದ್ದವನೂ ಅಲ್ಲ. ಮುಂದಕ್ಕೆ ಹಾರಿ ಕಾದಂಬರಿಕಾರರ ಬಾಯಿಯನ್ನು ಅಂಗೈಯಿಂದ ಗಪ್ಪನೆ ಮುಚ್ಚಿದ.

ಸಭೆಯಲ್ಲಿ ಹಾಹಾಕಾರ ಎದ್ದಿತು. “ಬಿಡ್ರೀ! ಸಾಹಿತಿಗಳ ಉಸಿರು ಕಟ್ತಿದೆ!” ಎಂದು ಸಾಹೇಬರು ಕೂಗಿದರು. ಬಿಡುವುದೇನೋ ಸರಿ, ಆದರೆ ಬೆಳಗ್ಗೆ ತಾನೇ ಆರನೆಯ ಭಾಗದ ಬೆನ್ನಿಗೆ ಹೊಸ ಅಂಟು ಬಳಿದು ಬಂದಿದ್ದ ಕೈ ಅದು. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ ಮಫ್ಲರಿನ ಒಂದು ತುದಿ ಗೋಂದಪ್ಪನ ಜೊತೆಗೇ ಬಂತು.

“ತಪ್ಪಾಯ್ತು ಸಾರ್,” ಎಂದ ಗೋಂದಪ್ಪ. ಕುತ್ತಿಗೆ ಎಡಕ್ಕೆ ವಾಲಿತ್ತು, ಕಣ್ಣಲ್ಲಿ ನೀರಿತ್ತು. ಒಳಜೇಬಿನಿಂದ ಫಾರಂ ತೆಗೆದ. “ನಮ್ಮ ಊರಲ್ಲಿ ಯಾರೂ ನಿಮ್ಮ ಕೊನೆ ಓದಿಲ್ಲ. ಮುನ್ನೂರ ಐವತ್ತೆರಡಕ್ಕೇ ಪುಸ್ತಕ ನಿಂತಿದೆ. ಉಳಿದ ಹದಿನಾರು ಪುಟ ಹೊಲಿಯೋದು ಬಿಟ್ಟು, ಹಲಗೆ ಕೆಳಗೆ ತುರುಕಿ ಮರೆತಿದ್ದು ನಾನು. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋನೇ ದೊಡ್ಡೋನು ಅಂತ ಇಪ್ಪತ್ತು ವರ್ಷ ಭಾಷಣ ಮಾಡಿದೆ. ನಿಲ್ಲಿಸಿದ್ದು ನೀವಲ್ಲ. ನನ್ನ ಮರೆವು.”

ಮುದುಕರು ಫಾರಂ ತೆಗೆದುಕೊಂಡು, ಅದರ ಮೂಲೆಯ ಪುಟ ಸಂಖ್ಯೆ ನೋಡಿದರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು.

“ಹಾಗಾದ್ರೆ ಆ ಕಾಗದಗಳು...” ಎಂದರು. ಎಪ್ಪತ್ತೆಂಟು ವರ್ಷದ ಆ ಮುಖ ಒಮ್ಮೆಲೇ ಇನ್ನಷ್ಟು ಮುದಿಯಾಯಿತು. ಗೋಂದಪ್ಪನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಸಾಹೇಬರು ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡರು. “ಬೈಂಡರ್ ಮೇಲೆ ಕ್ರಮ ತಗೋತೀವಿ. ಸದ್ಯಕ್ಕೆ, ಸಾರ್, ಆ ಹದಿನಾರು ಪುಟ ಇಲ್ಲೇ ಓದಿಬಿಡಿ. ಎಲ್ಲ ಇತ್ಯರ್ಥ ಆಗತ್ತೆ.”

“ಬೇಡ!” ಎಂದಿತು ಎಡಗಡೆ.

“ಬೇಡ!” ಎಂದಿತು ಬಲಗಡೆ.

ಇಪ್ಪತ್ತು ವರ್ಷದಲ್ಲಿ ಎರಡೂ ಕಡೆ ಒಂದೇ ಮಾತನ್ನಾಡಿದ್ದು ಅದೇ ಮೊದಲು. ಕಾದಂಬರಿಕಾರರು ತಲೆ ಎತ್ತಿದರು. ಟೀಚರಮ್ಮ ಎದ್ದು ನಿಂತಿದ್ದರು.

“ನಿಮ್ಮದು ಮುಳುಗಿದ ಪಕ್ಷ ಅಲ್ವೇನಮ್ಮ?” ಎಂದರು ಸಾಹೇಬರು, ಗೊಂದಲದಿಂದ. “ಓದಿದ್ರೆ ನೀವೇ ಗೆಲ್ಲಬಹುದು.”

“ಮುಳುಗಿದಾನೆ ಅಂತ ಲೆಕ್ಕ ಹಾಕಿದೆ, ನಿಜ. ಮುಳುಗಲಿ ಅಂತ ಯಾವತ್ತು ಅಂದೆ?” ಟೀಚರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಪ್ರತಿ ಸಲ ಲೆಕ್ಕ ತಪ್ಪಾಗಲಿ ಅಂತಾನೇ ಮತ್ತೆ ಮತ್ತೆ ಹಾಕ್ತಿದ್ದೆ. ಮೊನ್ನೆ ಗೋಂದಪ್ಪನವರ ಮನೇಲಿ ಕೂತಾಗ್ಲೇ ನನಗೆ ಉತ್ತರ ಸಿಕ್ಕಿತ್ತು. ಯಾರಿಗಾದ್ರೂ ಹೇಳಿದ್ನಾ?”

ಕ್ಷೌರದಂಗಡಿಯವನೂ ಎದ್ದ. “ಕುದುರೆ ವ್ಯಾಪಾರಿ ಅಂದಾಗ ನನಗೂ ಗೊತ್ತಾಯ್ತು. ಆ ನದೀಗೆ ಕುದುರೆ ಇಳಿಸೋನು ಇನ್ನು ಯಾರಿದಾನೆ? ಆದ್ರೆ ಓದಿಲ್ಲ. ಓದೋ ತನಕ ಏನೂ ಆಗಿಲ್ಲ.”

ಒಬ್ಬೊಬ್ಬರಾಗಿ ತಲೆಯಾಡಿಸಿದರು. ಅಂದು ನಡುಮನೆಯಲ್ಲಿ ಸೆರಗು ಬಾಯಿಗೊತ್ತಿದವರು ಯಾರಿಗಾಗಿ ಅತ್ತಿದ್ದರೆಂದು ಗೋಂದಪ್ಪನಿಗೆ ಆಗ ತಿಳಿಯಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ, ಮುಳುಗಿದ ಪಕ್ಷದ ಹೆಂಡತಿ, ಮೂಗು ಒರೆಸಿಕೊಳ್ಳುತ್ತಿದ್ದಳು.

ಮುದುಕರು ಫಾರಮ್ಮನ್ನು ತಿರುಗಿಸಿ ನೋಡಿದರು. “ಇದರ ಮಡಿಕೆ ಬಿಡಿಸಿಯೇ ಇಲ್ಲವಲ್ಲ. ಹೇಗೆ ಓದಿದ್ರಿ?”

“ಇಣುಕಿ ಸಾರ್. ಅದಕ್ಕೇ ಈ ಕುತ್ತಿಗೆ.”

“ಹಾಗೇ ಹೊಲಿಯೋಕೆ ಆಗತ್ತಾ? ಅಂಚು ಕತ್ತರಿಸದೆ?”

“ಆಗತ್ತೆ ಸಾರ್. ಬೇಕಾದೋರು ಚಾಕು ತಗೊಂಡು ಬಿಡಿಸ್ಕೋಬಹುದು. ಬೇಡದೋರಿಗೆ ಹಾಗೇ ಮುಚ್ಚಿರತ್ತೆ.”

“ಹಾಗೇ ಹೊಲೀರಿ,” ಎಂದರು ಕಾದಂಬರಿಕಾರರು. ಸಭೆ ಮುಗಿಯಿತು. ದಾಟಿದನೋ ಮುಳುಗಿದನೋ ಎಂದು ಯಾರೂ ಕೇಳಲಿಲ್ಲ.

ಆದರೆ ಸಾಹೇಬರ ಕಡತ ಮುಗಿದಿರಲಿಲ್ಲ. ತಮ್ಮ ಕೋಣೆಗೆ ಕಾದಂಬರಿಕಾರರನ್ನು ಕರೆದು ಕೂರಿಸಿ, ಗೋಂದಪ್ಪನನ್ನು ಎದುರಿಗೆ ನಿಲ್ಲಿಸಿದರು.

“ಫಾರಂ ಹೊಲಿಯೋದು ಮರೆತಿದ್ದು ಹಳೇ ವಿಷಯ, ಬಿಡಿ. ಇದಕ್ಕೆ ಏನು ಹೇಳ್ತೀರಿ?” ಎಂದು ರಜೆ ಅರ್ಜಿಯನ್ನು ಮೇಜಿನ ಮೇಲೆ ಹಾಕಿದರು. “ನಿಕಟ ಸಂಬಂಧಿಯ ಮರಣ! ಸತ್ತಿದ್ದು ಪುಸ್ತಕದಲ್ಲಿರೋನು! ಎರಡು ದಿನ ವಿಶೇಷ ರಜೆ! ನಾನು ಮೇಲಿನವರಿಗೆ ಏನಂತ ಬರೀಲಿ?”

ಮುದುಕರು ಅರ್ಜಿಯನ್ನು ಕೈಗೆತ್ತಿಕೊಂಡರು. ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

“ನನ್ನ ಸವಾರ ಸತ್ತ ಅಂತ ಇವರಿಗೆ ರಜೆ ಕೊಟ್ಟಿದೀರಾ?”

“ಗೊತ್ತಿಲ್ದೆ ಕೊಟ್ಟೆ ಸಾರ್!”

“ಎರಡು ಟ್ರಂಕು ತುಂಬ ಕಾಗದ ಬಂದಿದೆ ನನಗೆ. ಪ್ರಶಸ್ತಿನೂ ಬಂದಿದೆ,” ಎಂದರು ಮುದುಕರು ಮೆಲ್ಲಗೆ. “ಆ ಹದಿನಾರು ಪುಟ ಬರೆದು ಮುಗಿಸಿದ ದಿನ ನಾನು ಆಫೀಸಿಗೆ ಹೋಗೋ ಸ್ಥಿತೀಲಿರಲಿಲ್ಲ. ರಜೆ ಕೇಳೋಕೆ ನಾಚಿಕೆ ಆಯ್ತು. ಏನಂತ ಕೇಳೋದು? ಕಣ್ಣು ಒರೆಸ್ಕೊಂಡು ಹೋಗಿ ಕೂತೆ. ಆಮೇಲೆ ಇನ್ನೊಂದು ಕಾದಂಬರಿ ಬರೆಯೋಕೆ ಆಗಲೇ ಇಲ್ಲ.”

ಗೋಂದಪ್ಪ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವರ ಮುಂದೆ ಇಟ್ಟ.

“ಈ ರಜೆ ಊರ್ಜಿತ ಆಗ್ಬೇಕಾದ್ರೆ ಏನು ಬೇಕು?” ಎಂದು ಮುದುಕರು ಸಾಹೇಬರನ್ನು ಕೇಳಿದರು.

“ಮೃತರ ಮನೆಯವರಿಂದ ದೃಢೀಕರಣ ಬೇಕು. ನಿಯಮ,” ಎಂದರು ಸಾಹೇಬರು, ಇಂಥ ಮೃತನಿಗೆ ಮನೆಯವರು ಎಲ್ಲಿಂದ ಬರಬೇಕೆಂಬ ಗೆಲುವಿನಲ್ಲಿ.

ಕಾದಂಬರಿಕಾರರು ಜೇಬಿನಿಂದ ಪೆನ್ನು ತೆಗೆದರು. ಅರ್ಜಿಯ ಕೆಳಗೆ, ನೆಗಡಿಯ ಮೂಗನ್ನು ಒಮ್ಮೆ ಒರೆಸಿಕೊಂಡು, ಸ್ಫುಟವಾದ ಅಕ್ಷರದಲ್ಲಿ ಬರೆದರು: ‘ಮೃತನು ನದಿ ದಾಟುವಾಗ ತೀರಿಕೊಂಡದ್ದು ನಿಜ. ಅರ್ಜಿದಾರರು ಅವನ ಹತ್ತಿರದ ಸಂಬಂಧಿಕರೇ ಹೌದು.’ ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ‘ಮೃತರೊಂದಿಗೆ ಸಂಬಂಧ’ ಎಂದು ಅಚ್ಚಾಗಿದ್ದ ಖಾಲಿ ಜಾಗದ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಅಲ್ಲಿ ‘ತಂದೆ’ ಎಂದು ಬರೆದರು.

ಸಾಹೇಬರು ಅದನ್ನು ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಮೊಹರು ಹುಡುಕಿ ಒತ್ತಿ, ಕಡತ ಮುಚ್ಚಿ, ಕುರ್ಚಿಯಿಂದ ಎದ್ದು ನಿಂತು, ಸಾವಿನ ಮನೆಗೆ ಬಂದವರ ಹಾಗೆ ಮುದುಕರ ಕೈ ಹಿಡಿದುಕೊಂಡರು.

“ವಿಷಯ ಗೊತ್ತಿರಲಿಲ್ಲ ಸಾರ್,” ಎಂದರು.